ಆರಿದ್ರಾ ಮಳೆಯ ನಕ್ಷತ್ರವನ್ನು ಹುಡುಕಿದ್ದು

2018ರ ಜೂನ್‌ನಲ್ಲಿ ಊರಿನಿಂದ ಅಪ್ಪ ಫೋನ್ ಮಾಡಿದ್ದರು. ‘ನಾಳೆ ಆರಿದ್ರಾ ಹುಟ್ಟುತ್ತದೆ, ಹೊಲ ಹದಕ್ಕೆ ಬಂದರೆ ರಾಗಿ ಬಿತ್ತಬೇಕು’ ಎಂದರು. ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವನು ನಾನು. ಆದರೂ ಅದು ನಿಜವಾದ ಒಂದು ನಕ್ಷತ್ರ, ಕಣ್ಣಿನಿಂದ ನೋಡಬಹುದಾದದ್ದು ಎಂದು ಹೊಳೆದದ್ದು ನಲವತ್ತು ದಾಟಿದ ಮೇಲೆ. ಅಂದು ರಾತ್ರಿಯೇ ಬೆಂಗಳೂರಿನ ಮನೆಯ ತಾರಸಿ ಹತ್ತಿದೆ. ಬರೀ ಮೋಡ. ಇಳಿದು ಬಂದು ಲ್ಯಾಪ್‌ಟಾಪ್ ತೆರೆದೆ.

ಪರದೆಯ ಮೇಲೆ ಆಕಾಶವನ್ನು ತೋರಿಸುವ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡೆ. ಮೊದಲ ಎರಡು ದಿನ ಎಲ್ಲವೂ ಎಡವಟ್ಟು. ಧ್ರುವ ನಕ್ಷತ್ರ ಅರ್ಧ ಆಕಾಶದಷ್ಟು ಎತ್ತರದಲ್ಲಿತ್ತು. ನನ್ನ ಸ್ಥಳವನ್ನು ನಮೂದಿಸದೆ ಪ್ಯಾರಿಸ್ಸಿನ ಆಕಾಶ ನೋಡುತ್ತ ಕುಳಿತಿದ್ದೆ! ಬೆಂಗಳೂರು ಎಂದು ಬದಲಿಸಿದೊಡನೆ ಧ್ರುವ ದಿಗಂತದಿಂದ 13 ಡಿಗ್ರಿಗೆ ಇಳಿದ. ಅಕ್ಷಾಂಶ ಎಷ್ಟೋ ಧ್ರುವನ ಎತ್ತರವೂ ಅಷ್ಟೇ ಎಂಬ ಶಾಲೆಯ ಪಾಠ ನನ್ನ ತಪ್ಪಿನಿಂದಲೇ ಅರ್ಥವಾಯಿತು.

ಆರಿದ್ರಾ ಎಂದರೆ ಬೆಟಲ್‌ಗ್ಯೂಸ್, ಮಹಾವ್ಯಾಧ (ಒರಾಯನ್) ಎಂಬ ನಕ್ಷತ್ರಪುಂಜದ ಬೇಟೆಗಾರನ ಭುಜದ ಕೆಂಪು ನಕ್ಷತ್ರ. ಹುಡುಕಿದರೆ ಅದು ಹಗಲಿನ ಆಕಾಶದಲ್ಲಿದೆ ಎಂದು ತಂತ್ರಾಂಶ ಹೇಳಿತು. ಕೀಲಿಮಣೆಯ ‘ಎ’ ಒತ್ತಿದರೆ ಪರದೆಯ ಮೇಲೆ ವಾತಾವರಣ ಮಾಯವಾಗುತ್ತದೆ, ನಡುಹಗಲಲ್ಲೂ ನಕ್ಷತ್ರಗಳು ಕಾಣುತ್ತವೆ. ಒತ್ತಿದೆ. ಸೂರ್ಯನಿಗೆ ದಕ್ಷಿಣದಲ್ಲಿ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ದೂರದಲ್ಲಿ ಆರಿದ್ರಾ ಇತ್ತು. ಮಳೆ ನಕ್ಷತ್ರದ ಗುಟ್ಟು ಇಷ್ಟೇ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಅದರ ಹೆಸರು. ಹೀಗಾಗಿ ಆರಿದ್ರಾ ಮಳೆಯಲ್ಲಿ ಮೋಡವೇ ಇಲ್ಲದಿದ್ದರೂ ಆರಿದ್ರಾ ಕಾಣುವುದಿಲ್ಲ. ರಾತ್ರಿಯ ಆರಂಭದಲ್ಲೇ ನೋಡಬೇಕೆಂದರೆ ಆರು ತಿಂಗಳು ಕಾಯಬೇಕು.

ಕಾದೆ. ಆ ಮಳೆಗಾಲವೆಲ್ಲ ಓದಿನಲ್ಲಿ ಕಳೆಯಿತು. ನಾಸಾದವರು 1995ರಿಂದ ದಿನಕ್ಕೊಂದು ಖಗೋಳ ಚಿತ್ರವನ್ನು ವಿವರಣೆಯ ಸಮೇತ ಕೊಡುತ್ತ ಬಂದಿದ್ದಾರೆ. ಬೆಳಗಿನ ಕಾಫಿಗೆ ಅದು ಜೊತೆಯಾಯಿತು. ‘ಆರಿದ್ರಾ ನಾಳೆಯೇ ಸ್ಫೋಟ’ ಎಂದು ಬೊಬ್ಬೆ ಹೊಡೆಯುವ ವಿಡಿಯೊಗಳನ್ನು ಒಂದೇ ವಾರದಲ್ಲಿ ಬಿಟ್ಟೆ.

ಡಿಸೆಂಬರ್ 20ರ ಸುಮಾರಿಗೆ, ರಾತ್ರಿ ಒಂಬತ್ತಕ್ಕೆ, ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಅದು ಕಾಣಿಸಿತು. ಪಕ್ಕದಲ್ಲಿ ಮೂರು ನಕ್ಷತ್ರಗಳ ಸಾಲು ಇದ್ದುದರಿಂದ ಗುರುತಿಸುವುದು ಕಷ್ಟವಾಗಲಿಲ್ಲ. ಬೆಂಗಳೂರಿನ ಬೀದಿದೀಪಗಳ ನಡುವೆಯೂ ಅದರ ಕೆಂಪು ಸ್ಪಷ್ಟವಾಗಿತ್ತು.

ಆಮೇಲೆ ಹಿಡಿಸಿದ ಹುಚ್ಚು ಬೇರೆ. ಆರಿದ್ರಾ ಚರನಕ್ಷತ್ರ, ಅದರ ಬೆಳಕು ಹೆಚ್ಚುಕಡಿಮೆ ಆಗುತ್ತಿರುತ್ತದೆ. 1911ರಲ್ಲಿ ಶುರುವಾದ ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘದ ಜಾಲತಾಣಕ್ಕೆ ಯಾರು ಬೇಕಾದರೂ ತಮ್ಮ ಅಂದಾಜನ್ನು ಕಳುಹಿಸಬಹುದು. ಉಪಕರಣ ಬೇಕಿಲ್ಲ. ಬೆಳಕು ಗೊತ್ತಿರುವ ಎರಡು ನಕ್ಷತ್ರಗಳ ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಳತೆಯಲ್ಲಿ ಹೇಳಬೇಕು. ನಾನು ರೋಹಿಣಿಯನ್ನು ಹಿಡಿದುಕೊಂಡೆ, ಅದರ ಕಾಂತಿಮಾನ ಸುಮಾರು 0.9. ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುವವರೆಗೆ ಕಾದು ಹೋಲಿಸಬೇಕು. ದಿಗಂತದ ಹತ್ತಿರದ ದಟ್ಟ ಗಾಳಿ ಎಂಥ ನಕ್ಷತ್ರವನ್ನೂ ಮಂಕಾಗಿಸುತ್ತದೆ. ಇದು ತಿಳಿಯದೆ ಬರೆದ ಮೊದಲ ತಿಂಗಳ ಅಂದಾಜುಗಳನ್ನೆಲ್ಲ ಹೊಡೆದುಹಾಕಿದೆ.

2019ರ ಡಿಸೆಂಬರ್‌ನಲ್ಲಿ ನನ್ನ ಪುಸ್ತಕದಲ್ಲಿ ‘ರೋಹಿಣಿಗಿಂತ ಮಂಕು’ ಎಂದು ಬರೆದುಕೊಂಡು, ಕನ್ನಡಕದ ನಂಬರ್ ಬದಲಾಗಿದೆಯೇನೋ ಎಂದು ಅನುಮಾನಪಟ್ಟೆ. ಕೆಲವು ದಿನಗಳಲ್ಲೇ ಪತ್ರಿಕೆಗಳಲ್ಲಿ ಸುದ್ದಿ ಬಂತು. ಬೆಟಲ್‌ಗ್ಯೂಸ್ ಎಂದೂ ಕಾಣದಷ್ಟು ಮಸುಕಾಗುತ್ತಿತ್ತು. ನನ್ನ ಕಣ್ಣು ಸರಿಯಾಗಿಯೇ ಇತ್ತು!

ಆ ಉಮೇದಿನಲ್ಲಿ ಕಾವಲೂರಿಗೆ ಹೊರಟೆ. ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ವೇಣು ಬಪ್ಪು ವೀಕ್ಷಣಾಲಯವದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದನ್ನು ನಡೆಸುತ್ತದೆ. ಹೊಸೂರು, ಕೃಷ್ಣಗಿರಿ ದಾಟಿ ಹೋಗಬೇಕು. ನಾನು ಆರಿಸಿಕೊಂಡದ್ದು 2020ರ ಜನವರಿಯ ಕೊನೆಯ ಶನಿವಾರ, ಅಮಾವಾಸ್ಯೆಯ ಮರುದಿನ. ಹೋಗುವವರು ಸಂದರ್ಶನದ ದಿನ ಮತ್ತು ವೇಳೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ, ಪಂಚಾಂಗವನ್ನೂ ನೋಡಿ. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಚಂದ್ರ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ.

2.34 ಮೀಟರ್ ಕನ್ನಡಿಯ ದೊಡ್ಡ ದೂರದರ್ಶಕದ ಮುಂದೆ ನಿಂತು, ಕಣ್ಣಿಡುವ ಜಾಗ ಎಲ್ಲಿ ಎಂದು ಹುಡುಕಿದೆ. ಇಂದಿನ ಖಗೋಳಜ್ಞರು ಹಾಗೆ ನೋಡುವುದೇ ಇಲ್ಲ. ಕ್ಯಾಮೆರಾ ಮತ್ತು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತಮಾಪಕಗಳೇ ಅವರ ಕಣ್ಣು. ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನ 1 ಮೀಟರ್ ದೂರದರ್ಶಕದ ಕಥೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಹತ್ತಿರ ಹಾದುಹೋಗುವಾಗ ಆ ನಕ್ಷತ್ರದ ಬೆಳಕು ಹಠಾತ್ತನೆ ಕುಗ್ಗಿದ್ದನ್ನು ಅದು ದಾಖಲಿಸಿತು. ವಿಮಾನದಲ್ಲಿ ಹಾರುತ್ತ ನೋಡುತ್ತಿದ್ದ ಅಮೆರಿಕದ ತಂಡಕ್ಕೂ ಅದೇ ಕಂಡಿತು. ನಕ್ಷತ್ರಕ್ಕೆ ಅಡ್ಡ ಬಂದದ್ದು ಗ್ರಹದ ಉಂಗುರಗಳು. ಯುರೇನಸ್‌ಗೆ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. ನಕ್ಷತ್ರ ಮಂಕಾಗುವುದನ್ನು ಗಮನಿಸುವುದು ನನ್ನ ತಾರಸಿಯ ಕೆಲಸವೂ ಹೌದು ಎಂದು ಒಳಗೊಳಗೇ ಹಿಗ್ಗಿದೆ.

ಕತ್ತಲಾದ ಮೇಲೆ ಸಂದರ್ಶಕರಿಗಾಗಿ ಇಟ್ಟಿದ್ದ ಚಿಕ್ಕ ದೂರದರ್ಶಕದಲ್ಲಿ ಮುಕ್ಕಾಲು ತುಂಬಿದ ಶುಕ್ರ, ಬಳಿಕ ಮಹಾವ್ಯಾಧದ ನೀಹಾರಿಕೆ, ಅಂದರೆ ಅನಿಲ, ದೂಳಿನ ದೊಡ್ಡ ಮೋಡ. ಪರದೆಯಲ್ಲಿ ನೋಡಿದ್ದ ಗುಲಾಬಿ ಬಣ್ಣ ಎಲ್ಲೂ ಇಲ್ಲ, ಒದ್ದೆ ಕಟ್ಟಿಗೆಯ ಹೊಗೆಯಂಥ ಬೂದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ, ಕ್ಯಾಮೆರಾ ಹಿಡಿಯುತ್ತದೆ. ಸಾಲಿನಲ್ಲಿದ್ದ ಹಲವರಿಗೆ ನಿರಾಸೆಯಾಯಿತು. ನನಗೆ ಆ ಹೊಗೆಯೇ ಸಾಕಾಗಿತ್ತು, ಮತ್ತೊಮ್ಮೆ ಸಾಲಿನಲ್ಲಿ ನಿಂತೆ.

ಮುಂದಿನ ತಿಂಗಳು ಶಿವರಾತ್ರಿಗೆ ಊರಿಗೆ ಹೋದಾಗ ಆರಿದ್ರಾ ತೀರಾ ಕುಗ್ಗಿತ್ತು, ಮಾಮೂಲಿ ಬೆಳಕಿನ ಮೂರನೇ ಒಂದು ಪಾಲು. ನಕ್ಷತ್ರವೇ ಹೊರಚೆಲ್ಲಿದ ಅನಿಲ ತಣಿದು ದೂಳಾಗಿ ಅಡ್ಡ ಬಂದಿತ್ತು ಎಂದು ಚಿಲಿಯ ದೂರದರ್ಶಕದ ಚಿತ್ರಗಳನ್ನು ಅಭ್ಯಸಿಸಿದವರು ಮರುವರ್ಷ ವಿವರಿಸಿದರು. ಜಾಗರಣೆಗೆ ಎಚ್ಚರವಿದ್ದ ಅಪ್ಪನನ್ನು ಅಂಗಳಕ್ಕೆ ಕರೆದು ತೋರಿಸಿದೆ.

‘ಇದೇನಾ ಆರಿದ್ರಾ? ಆರುತ್ತಿರುವ ಕೆಂಡದ ಹಾಗಿದೆ. ಇದು ಎಲ್ಲಿಂದ ಮಳೆ ತರುತ್ತದೆ!’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಂದರೆ ಮಘೆ, ಹೋದರೆ ಹೊಗೆ ಅನ್ನುತ್ತಾರಲ್ಲ, ಆ ಮಘೆ ಯಾವುದು?’ ಎಂದು ಕೇಳಿದರು.

ಅವರ ಭುಜ ಹಿಡಿದು ಪೂರ್ವಕ್ಕೆ ತಿರುಗಿಸಿದೆ. ಹುಣಸೆಮರದ ಮೇಲೆ ಅದು ಆಗಲೇ ಏರಿತ್ತು.