ನಾಲ್ಕು ಬಾಗಿಲ ಷೆವ್ರೊಲೆಗೆ ಗಿಡ್ಡ ಬೆಡ್

1986ರ ಷೆವ್ರೊಲೆ ಸಿ30 ಪಿಕಪ್ ಟ್ರಕ್, ಕ್ರೂ ಕ್ಯಾಬ್ (ಎರಡು ಸಾಲು ಸೀಟಿನ ನಾಲ್ಕು ಬಾಗಿಲ ಕ್ಯಾಬಿನ್), ಹಿಂದೆ ಎಂಟಡಿ ಬೆಡ್, ಅಂದರೆ ಸಾಮಾನು ಹಾಕುವ ತೊಟ್ಟಿ. ಅರಿಜೋನಾದ ಒಣಹವೆಯಲ್ಲೇ ಓಡಿದ ಗಾಡಿ, ತುಕ್ಕಿನ ಸುಳಿವಿಲ್ಲ. ಆದರೆ ಉದ್ದ 20 ಅಡಿ ದಾಟುತ್ತೆ. ಮನೆಯ ಗ್ಯಾರೇಜಲ್ಲಿ ಹಿಡಿಸಲ್ಲ. ಅದಕ್ಕೇ ಚಾಸಿಯನ್ನು (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಕತ್ತರಿಸಿ ಗಿಡ್ಡ ಬೆಡ್ ಕೂರಿಸಿದೆ. 1973ರಲ್ಲಿ ಶುರುವಾಗಿ 1991ರವರೆಗೆ ಬಂದ ಈ ಸರಣಿಯಲ್ಲಿ ನಾಲ್ಕು ಬಾಗಿಲು ಬೇಕೆಂದರೆ ಉದ್ದ ಬೆಡ್ಡೇ ಗತಿ, ವೀಲ್‌ಬೇಸ್ (ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ ಇರುವ ದೂರ) 164.5 ಇಂಚು. ಕೊಳ್ಳುತ್ತಿದ್ದವರು ರೈಲ್ವೆ, ಕರೆಂಟ್ ಕಂಪನಿಯಂಥವರು. ಅವರಿಗೆ ಆಳೂ ಹತ್ತಬೇಕು, ಸಾಮಾನೂ ಹಿಡಿಸಬೇಕು.

ಎಷ್ಟು ಕತ್ತರಿಸಬೇಕೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದೇ ಕಾಲದ ಎರಡು ಬಾಗಿಲ ಗಾಡಿಯ ವೀಲ್‌ಬೇಸ್ ಉದ್ದ ಬೆಡ್‌ನಲ್ಲಿ 131.5 ಇಂಚು, ಗಿಡ್ಡ ಬೆಡ್‌ನಲ್ಲಿ 117.5. ಹಾಗಾಗಿ ಹಿಂದಿನ ಆಕ್ಸಲ್‌ನ ಮುಂದೆ 14 ಇಂಚು, ಹಿಂದೆ 6 ಇಂಚು ತೆಗೆದರೆ ಗಿಡ್ಡ ಬೆಡ್ ಸರಿಯಾಗಿ ಕೂರುತ್ತೆ.

ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ಕಳಚಿ, ಚಾಸಿಯನ್ನು ಸಮತಟ್ಟು ನೆಲದ ಮೇಲೆ ಸ್ಟ್ಯಾಂಡಿಗೆ ಏರಿಸಿದೆ. ಕತ್ತರಿಸುವ ಮೊದಲೇ ತೂಗುಗುಂಡು ಬಿಟ್ಟು, ಎರಡೂ ಕಡೆಯ ರಂಧ್ರಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟುಕೊಂಡೆ. ಚಾಸಿ ಸಿ ಆಕಾರದ ಚಾನಲ್. ಅದನ್ನು ನೆಟ್ಟಗೆ ಒಂದೇ ಗೆರೆಯಲ್ಲಿ ಕೊಯ್ಯಬಾರದು: ಮೇಲಿನ ಅಂಚಿನ ಕೊಯ್ತ ಒಂದು ಕಡೆ, ಕೆಳಗಿನ ಅಂಚಿನದು ಅಲ್ಲಿಂದ ಕೆಲವು ಇಂಚು ಆಚೆ, ನಡುವೆ ಅಡ್ಡ ಗೆರೆ. ಮೆಟ್ಟಿಲಿನ ಹಾಗೆ ಬರುವ ಈ ಜೋಡಣೆಯಲ್ಲಿ ಭಾರವೆಲ್ಲ ಒಂದೇ ವೆಲ್ಡಿನ ಮೇಲೆ ಬೀಳಲ್ಲ. ಅಂಚುಗಳನ್ನು ಇಳಿಜಾರಾಗಿ ಉಜ್ಜಿ ಪೂರ್ತಿ ಆಳಕ್ಕೆ ವೆಲ್ಡ್ ಇಳಿಸಿ, ಒಳಗಿನಿಂದ ತುದಿ ಓರೆಯಾಗಿ ಕತ್ತರಿಸಿದ ಪ್ಲೇಟ್ ಕೂರಿಸಿದೆ. ಮೊದಲು ಚುಕ್ಕಿ ವೆಲ್ಡ್ ಮಾತ್ರ. ಮೂಲೆ ಅಳತೆ ಮತ್ತೆ ತಾಳೆಯಾದ ಮೇಲೆ ಪೂರ್ತಿ ವೆಲ್ಡ್. ಇದು ಮೆದು ಉಕ್ಕು, ಅದಕ್ಕೇ ನಡೆಯುತ್ತೆ. ದೊಡ್ಡ ಲಾರಿಗಳ ಹದಗೊಳಿಸಿದ ಚಾಸಿಗೆ ಹೀಗೆ ಕೈ ಹಾಕಬೇಡಿ. ಭಾರತದಲ್ಲಂತೂ ಚಾಸಿ ಮೊಟಕು ಮಾಡಿದ ಗಾಡಿಯನ್ನು ಆರ್‌ಟಿಒ ಒಪ್ಪಲ್ಲ, ಅಲ್ಲಿ ಈ ಆಸೆಯೇ ಬೇಡ.

ಮಿಕ್ಕಿದ್ದು ಸಣ್ಣ ಕೆಲಸ, ಆದರೆ ಸತಾಯಿಸುತ್ತೆ. ಕ್ರೂ ಕ್ಯಾಬಿನ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನ ತಿರುಗಾಟವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ದಂಡ) ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಹಿಂದಿನ ತುಂಡನ್ನು 14 ಇಂಚು ಕಡಿಮೆ ಮಾಡಲು ಶಾಫ್ಟ್ ಅಂಗಡಿಗೇ ಕೊಟ್ಟೆ. ಬ್ಯಾಲೆನ್ಸಿಂಗ್ ಮನೆಯಲ್ಲಿ ಆಗೋ ಮಾತಲ್ಲ. ಎರಡು ತುದಿಯ ಯೋಕ್‌ಗಳು (ಕೀಲು ಹಿಡಿಯುವ ಕವಲುಗಳು) ಒಂದೇ ನೇರಕ್ಕಿಲ್ಲದಿದ್ದರೆ ಹೈವೇಯಲ್ಲಿ ಸೀಟೆಲ್ಲ ನಡುಗುತ್ತೆ. ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಎರಡೂ ಹೊಸದು. ಚಾಸಿಯ ಹೊರಬದಿಗೆ ನೇತಾಡುವ ಉದ್ದ ಟ್ಯಾಂಕಿನ ಬದಲು ಗಿಡ್ಡ ಬೆಡ್ ಗಾಡಿಯ 16 ಗ್ಯಾಲನ್‌ನದು.

ಈಗ ವೀಲ್‌ಬೇಸ್ 150.5 ಇಂಚು. ಚಿಕ್ಕ ಗಾಡಿಯೇನಲ್ಲ, ಪಾರ್ಕಿಂಗ್‌ನಲ್ಲಿ ಇಂದಿಗೂ ಎರಡು ಸಲ ಹಿಂದೆ ಮುಂದೆ ಮಾಡಬೇಕು. ಬಿಚ್ಚಿದ ಎಂಟಡಿ ಬೆಡ್ಡನ್ನು ಗುಜರಿಗೆ ಹಾಕಬೇಡಿ. ಇಲ್ಲಿ ಜನ ಅದಕ್ಕೊಂದು ಆಕ್ಸಲ್ ಕಟ್ಟಿ ಟ್ರೇಲರ್ ಮಾಡಿಕೊಳ್ಳುತ್ತಾರೆ. ನನ್ನದನ್ನೂ ಒಬ್ಬರು ಬಂದು ಎತ್ತಿಕೊಂಡು ಹೋದರು.