ಮೆಣಸು ಹೋದ ದಾರಿಯಲ್ಲಿ ಒಂದು ದಿನ

ಶಿರಸಿ ಕಡೆಯ ನಮಗೆ ಶರಾವತಿ ಅಂದರೆ ಜೋಗ. ಮಳೆಗಾಲದಲ್ಲಿ ನೆಂಟರು ಬಂದರೆ ಕರೆದುಕೊಂಡು ಹೋಗುತ್ತೇವೆ. ಮಂಜು ಸರಿಯುವವರೆಗೆ ಕಾಯುತ್ತೇವೆ, ನೋಡಿ ವಾಪಸ್ ಬರುತ್ತೇವೆ. 253 ಮೀಟರ್ ಕೆಳಗೆ ಬಿದ್ದ ನೀರು ಆಮೇಲೆ ಏನಾಯಿತು ಅಂತ ಕೇಳುವವರು ಕಮ್ಮಿ.

ನನ್ನ ಆಯಿ, ಅಂದರೆ ಅಮ್ಮ, ಕೇಳಿದಳು. ಅವಳಿಗೀಗ 68 ವರ್ಷ. ಹುಟ್ಟಿದ್ದು, ಮದುವೆಯಾಗಿ ಬಂದಿದ್ದು ಎರಡೂ ಘಟ್ಟದ ಮೇಲೇ. ಇಡಗುಂಜಿಗೆ ಹೋಗುವಾಗ ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಬೇಕಲ್ವಾ, ಬಸ್ಸಿನ ಕಿಟಕಿಯಲ್ಲಿ ಒಂದೆರಡು ನಿಮಿಷ ಕಾಣಿಸುವ ಆ ಅಗಲದ ನೀರನ್ನು ನೋಡಿ, "ಇದು ಜೋಗದ ನೀರೇ ಅಲ್ದನಾ ತಮಾ?" ಅಂದಿದ್ದಳು. ಹೌದು ಅಂದೆ. ಅವಳು ಕುತ್ತಿಗೆ ತಿರುಗಿಸಿ, ಸೇತುವೆ ಮುಗಿಯುವವರೆಗೂ ನೋಡುತ್ತಲೇ ಇದ್ದಳು. ಆ ನೀರಿನ ಮೇಲೆ ಅವಳನ್ನು ಒಂದು ದಿನ ಕರೆದುಕೊಂಡು ಹೋಗಬೇಕು ಅಂತ ಅವತ್ತೇ ಅನ್ನಿಸಿತ್ತು.

ಮೊದಲ ಸಲ ಕೆಟ್ಟಿತು. ಏಪ್ರಿಲ್‌ನಲ್ಲಿ, ಮಗಳಿಗೆ ರಜೆ ಸಿಕ್ಕಿದ ಕೂಡಲೇ ಹೊರಟೆವು. ಫೋನಿನಲ್ಲಿ ಮಾತಾಡಿದ ದೋಣಿಯವರು "ಯಾವಾಗ ಬೇಕಾದ್ರೂ ಬನ್ನಿ" ಅಂದಿದ್ದರು. ನಡುಮಧ್ಯಾಹ್ನ ಹೋಗಿ ಮುಟ್ಟಿದೆವು. ನೀರು ಪೂರ್ತಿ ಇಳಿದಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಯೊಳಗೆ ದೋಣಿ ಹೋಗಲೇ ಇಲ್ಲ, ಬಾಯಲ್ಲೇ ಕೆಸರಿಗೆ ತಾಗಿತು. ಹೊಳೆಯ ನಡುವೆ ಬಿಸಿಲಲ್ಲಿ ಒಂದು ಸುತ್ತು ಹಾಕಿಸಿ ಇಳಿಸಿಬಿಟ್ಟರು. ಆಯಿಗೆ ತಲೆ ಸುತ್ತು ಬಂತು. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಅವಳು ಏನೂ ಹೇಳದೆ ಸುಮ್ನೆ ಕೂತಿದ್ದಕ್ಕೆ.

ಆಗ ತಿಳಿದಿದ್ದು ಇಷ್ಟು. ಕರಾವಳಿಯಲ್ಲಿ ಒಂದು ದಿನ ಸುತ್ತುವುದಿದ್ದರೆ ಮೊದಲು ಕೇಳಬೇಕಾದ್ದು ದೋಣಿಯ ರೇಟಲ್ಲ, ಭರತ ಎಷ್ಟು ಹೊತ್ತಿಗೆ ಅಂತ. ಉಬ್ಬರಕ್ಕೆ ಅಲ್ಲಿನವರು ಭರತ ಅನ್ನುತ್ತಾರೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಹೋದ ಭಾನುವಾರ ಸರಿಯಾಗಿದ್ದ ಹೊತ್ತು ಈ ಭಾನುವಾರಕ್ಕೆ ಪೂರ್ತಿ ತಿರುಗುಮುರುಗಾಗಿರಬಹುದು. ಕಾರವಾರ ಬಂದರಿನ ಉಬ್ಬರ ಇಳಿತದ ಹೊತ್ತು ಫೋನಿನಲ್ಲೇ ಸಿಗುತ್ತದೆ. ಹೊನ್ನಾವರಕ್ಕೂ ಅಂದಾಜಿಗೆ ಅದೇ ಸಾಕು.

ಎರಡನೇ ಸಲ ಫೆಬ್ರವರಿಯಲ್ಲಿ ಹೊರಟೆವು. ಅಡಿಕೆ ಕೊಯ್ಲು ಮುಗಿದಿತ್ತು, ಮೆಣಸಿನ ಕೊಯ್ಲು ಅರ್ಧ ಆಗಿತ್ತು. ಅಂಗಳದ ತುಂಬ ಮೆಣಸು ಹರಡಿತ್ತು. ಹುಣ್ಣಿಮೆ ಕಳೆದು ಪಂಚಮಿ. ಭರತ ಮಧ್ಯಾಹ್ನ ಮೂರರ ಸುಮಾರಿಗೆ ಅಂತ ದೋಣಿಯವರು ಹೇಳಿದರು. ಮಿಕ್ಕಿದ್ದನ್ನೆಲ್ಲ ಆ ಮೂರು ಗಂಟೆಯ ಸುತ್ತ ಹೊಂದಿಸಿಕೊಂಡೆ. ಬೆಳಿಗ್ಗೆ ಗೇರುಸೊಪ್ಪೆ, ಮಧ್ಯಾಹ್ನ ದೋಣಿ, ನೀರು ಇಳಿಯುವಾಗ ಕಾಂಡ್ಲಾ ಕಾಡು, ಸಂಜೆಗೆ ಸಮುದ್ರ.

ಕುಮಟಾ ಮೇಲೆ ಹೋದರೆ ದಾರಿ ಸುಲಭ. ಆದರೆ ನಾನು ಬೇಕೆಂದೇ ಸಿದ್ದಾಪುರ, ಮಾವಿನಗುಂಡಿ ಮೇಲೆ ಗೇರುಸೊಪ್ಪೆ ಘಟ್ಟ ಇಳಿದೆ. ಕಾರಣ ಮೆಣಸು. ಘಟ್ಟದ ಮೇಲಿನ ಕಾಳುಮೆಣಸು ಹಿಂದೆ ಈ ಕಡೆಯ ಘಟ್ಟಗಳನ್ನು ಇಳಿದು ಗೇರುಸೊಪ್ಪೆ ಸೇರುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ, ಹೊನ್ನಾವರದಿಂದ ಹಡಗಿಗೆ. ಆಯಿ ಜೀವಮಾನವಿಡೀ ಬಿಡಿಸಿ, ಒಣಗಿಸಿ, ಕೇರಿದ ವಸ್ತು ಅದು. ಅದು ಹೋದ ದಾರಿಯಲ್ಲೇ ಅವಳು ಹೋಗಲಿ ಅನ್ನಿಸಿತು. ಬೆಳಿಗ್ಗೆ ಆರಕ್ಕೆ ಬಿಟ್ಟೆವು. ಬುತ್ತಿಯಲ್ಲಿ ತೆಳ್ಳೇವು (ತೆಳು ದೋಸೆ), ಮೊಸರನ್ನ. ಘಟ್ಟದ ತಿರುವಿಗೆ ಮಗಳಿಗೆ ವಾಂತಿ ಬರದ ಹಾಗೆ ನಿಂಬೆಹಣ್ಣು.

ಗೇರುಸೊಪ್ಪೆಯಲ್ಲಿ ಹೆದ್ದಾರಿ ಬಿಟ್ಟು ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋಗಬೇಕು. ನನ್ನ ಮಾತು ಕೇಳುವುದಾದರೆ ಇಲ್ಲಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಹೆಚ್ಚಿನವರು ಇದನ್ನು ಬಿಟ್ಟು ಸೀದಾ ದೋಣಿಗೆ ಓಡುತ್ತಾರೆ. ಸುತ್ತ ಕಾಡು, ನಡುವೆ ಕಲ್ಲಿನ ಜಗಲಿಯ ಮೇಲೆ ನಾಲ್ಕೂ ದಿಕ್ಕಿಗೆ ಬಾಗಿಲಿರುವ ಬಸದಿ. ಯಾವ ಬಾಗಿಲಿಂದ ಒಳಗೆ ಹೋದರೂ ಒಬ್ಬ ತೀರ್ಥಂಕರ ನಿಮ್ಮ ಕಡೆಗೇ ಮುಖ ಮಾಡಿ ಕೂತಿರುತ್ತಾನೆ. ಮಗಳು ನಾಲ್ಕೂ ಬಾಗಿಲಿಂದ ಒಳಗೆ ಹೋಗಿ ಬಂದಳು.

16ನೇ ಶತಮಾನದಲ್ಲಿ ಇಲ್ಲಿ ಆಳಿದವಳು ಚೆನ್ನಭೈರಾದೇವಿ. 54 ವರ್ಷ ಆಳಿದಳು ಅನ್ನುತ್ತಾರೆ. ಪೋರ್ಚುಗೀಸರು ಅವಳಿಗಿಟ್ಟ ಹೆಸರೇ ಮೆಣಸಿನ ರಾಣಿ. ಮೆಣಸಿಗಾಗಿ ಅವಳ ಜೊತೆ ವ್ಯಾಪಾರ ಮಾಡಿದವರೂ ಅವರೇ, ಕಾದಾಡಿದವರೂ ಅವರೇ. ಕಡೆಗೆ ಅವಳ ರಾಜ್ಯ ಹೋಗಿದ್ದು ಕೆಳದಿಯವರ ಕೈಗೆ. ಸೆರೆಯಲ್ಲೇ ತೀರಿಕೊಂಡಳು. ಅಷ್ಟು ದೊಡ್ಡ ಪಟ್ಟಣವಾಗಿದ್ದ ಜಾಗದಲ್ಲಿ ಈಗ ಹಕ್ಕಿಗಳ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ.

ಬಸದಿಯ ಸುತ್ತ ನಡೆಯುವಾಗ ಆಯಿ ಒಂದು ಮರದ ಹತ್ತಿರ ನಿಂತಳು. ಮರಕ್ಕೆ ಒಂದು ಬಳ್ಳಿ ಹಬ್ಬಿತ್ತು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನರ ಎಣಿಸಿದಳೋ ಏನೋ. ಆಮೇಲೆ ತುದಿಯಲ್ಲಿ ಸ್ವಲ್ಪ ಚಿವುಟಿ, ಬೆರಳಲ್ಲಿ ತಿಕ್ಕಿ ಮೂಸಿದಳು. "ಕಾಡು ಮೆಣಸು" ಅಂದಳು. ಬೇರೇನೂ ಹೇಳಲಿಲ್ಲ. ನನಗಂತೂ ಆ ದಿನದ ಹೊಟ್ಟೆ ಅಲ್ಲಿಗೇ ತುಂಬಿತು.

ಹೊರಡುವ ಮೊದಲು ಹೊಳೆಯ ಹತ್ತಿರ ಇಳಿದೆವು. ಮಗಳು ಕೈ ಅದ್ದಿ ನಾಲಿಗೆ ತುದಿಗೆ ಮುಟ್ಟಿಸಿಕೊಂಡಳು. ಸಿಹಿನೀರು. ಇದನ್ನು ನೆನಪಿಟ್ಟುಕೋ ಅಂದೆ.

ಹೊನ್ನಾವರದಲ್ಲಿ ಊಟ ಮುಗಿಸಿ ಪೇಟೆಯಲ್ಲಿ ಸ್ವಲ್ಪ ಸುತ್ತಿದೆವು. ಹಳೆಯ ಬಂದರಿನ ಊರು ಇದು. 1340ರ ದಶಕದಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ ಅಂತ ಬರೆದಿಟ್ಟಿದ್ದಾನೆ. ಹೆಣ್ಣುಮಕ್ಕಳ 13 ಶಾಲೆ, ಅದೂ ಆ ಕಾಲದಲ್ಲಿ! ನನ್ನ ಹೆಂಡತಿ ಟೀಚರ್. ಇದನ್ನು ಕೇಳಿದ ಮೇಲೆ ಅವಳು ಪೇಟೆಯ ಗಲ್ಲಿಗಳನ್ನು ಬೇರೆಯೇ ಕಣ್ಣಲ್ಲಿ ನೋಡಿದಳು. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸರಿಗೆ ನೆರವಾದ ತಿಮ್ಮೋಜ ಕೂಡ ಈ ಊರಿನ ಹಡಗುಗಳ ನಾಯಕ. ಮೀನು ತಿನ್ನುವವರಾದರೆ ಇಲ್ಲಿ ಊಟಕ್ಕೆ ಇನ್ನೂ ಒಂದು ಗಂಟೆ ಜಾಸ್ತಿ ಬೇಕಾಗಬಹುದು.

ಎರಡೂವರೆಗೆ ದೋಣಿ. ಇಂಜಿನ್ ದೋಣಿ, ಮೇಲೆ ಚಪ್ಪರ. ದೋಣಿಗೆ ಎಷ್ಟು, ಎಷ್ಟು ಹೊತ್ತು, ಎಲ್ಲೆಲ್ಲಿ ಅಂತ ಮೂರನ್ನೂ ಹತ್ತುವ ಮೊದಲೇ ಮಾತಾಡಿಕೊಂಡಿದ್ದೆ. ಲೈಫ್ ಜಾಕೆಟ್ ಎಲ್ಲರಿಗೂ ಹಾಕಿಸಿದೆ. ಸೀರೆ ಉಟ್ಟವರಿಗೆ ಅದರ ಪಟ್ಟಿ ಕಟ್ಟುವುದು ಸ್ವಲ್ಪ ತ್ರಾಸು. ಆಯಿ ಮೊದಲು ಬೇಡ ಅಂದಳು. ದೋಣಿಯವನು, "ನಾನೂ ಹಾಕ್ಕಂತೆ ಅಮ್ಮ, ನೀವೂ ಹಾಕಿ" ಅಂದು ತಾನೂ ಹಾಕಿಕೊಂಡ. ಆಮೇಲೆ ಅವಳದ್ದೇನೂ ತಕರಾರಿಲ್ಲ.

ಎಲ್ಲರೂ ಇದನ್ನು ಹಿನ್ನೀರು ಅನ್ನುತ್ತಾರೆ. ಘಟ್ಟದ ಮೇಲಿನವರಿಗೆ ಶರಾವತಿ ಹಿನ್ನೀರು ಅಂದರೆ ಬೇರೆಯೇ ಅರ್ಥ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ತೋಟ, ಮನೆ, ದೇವಸ್ಥಾನ ಎಲ್ಲ ನುಂಗಿದ ನೀರು. ಆಯಿಯ ನೆಂಟರಲ್ಲೂ ಮುಳುಗಡೆಯವರಿದ್ದಾರೆ. ಇಲ್ಲಿರುವುದು ಅದಲ್ಲ. ಇಲ್ಲಿ ಹೊಳೆ ತನ್ನ ಪಾಡಿಗೆ ಅಗಲವಾಗಿ, ಸಮುದ್ರದ ಏರಿಳಿತಕ್ಕೆ ಉಸಿರಾಡುತ್ತದೆ. ಹಾಗಾಗಿ ಅಳಿವೆ ಅಂತಲೇ ಕರೆಯಲು ನನಗೆ ಇಷ್ಟ.

ಹೊಳೆ ನಡುವೆ ಕುರ್ವೆಗಳು. ಕುರ್ವೆ ಅಂದರೆ ನಡುಗಡ್ಡೆ. ಮಾವಿನಕುರ್ವೆ ದೊಡ್ಡದು, ಊರೇ ಇದೆ. ತೆಂಗಿನ ಮರದ ನೆರಳು ನೀರಿಗೆ ಬಿದ್ದಿತ್ತು. ಮನೆ ಮುಂದೆಯೇ ದೋಣಿ ಕಟ್ಟಿಟ್ಟಿದ್ದರು, ನಮ್ಮಲ್ಲಿ ಬೈಕ್ ನಿಲ್ಲಿಸಿದ ಹಾಗೆ. ದೂರದಲ್ಲಿ ರೈಲು ಸೇತುವೆ. 2 ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಉದ್ದದ ಸೇತುವೆ. ನಮ್ಮ ಅದೃಷ್ಟಕ್ಕೆ ಒಂದು ರೈಲೂ ಬಂತು. ಮಗಳು ಡಬ್ಬಿ ಎಣಿಸಿದಳು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವವನು ಇದೇ ಹೊಳೆಯಲ್ಲಿ, ನಾವು ಬಂದ ದಿಕ್ಕಿಗೆ ಎದುರಾಗಿ, ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಹೋಗಿದ್ದ. ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ. ದೇಶ ದೇಶ ಸುತ್ತಿದ ಮನುಷ್ಯ, ಇಷ್ಟು ಚೆಂದದ ಹೊಳೆ ನೋಡಿಲ್ಲ ಅಂತ ಬರೆದ. ಅವನು ಹೋಗುವ ಹೊತ್ತಿಗೇ ಗೇರುಸೊಪ್ಪೆ ಹಾಳುಬಿದ್ದು ಗಿಡಮರ ಬೆಳೆದಿತ್ತು. ದೋಣಿಯಲ್ಲಿ ಕೂತು ಇದನ್ನು ಹೇಳುವಾಗ ಆಯಿ ಒಂದೇ ಮಾತು ಕೇಳಿದಳು, "ಆ ರಾಣಿ ತೀರಿಕೊಂಡು ಎಷ್ಟು ವರ್ಷ ಆಗಿತ್ತು?" ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ ಅಂದೆ.

ಕಾಂಡ್ಲಾ ಕಾಡಿನ ಕಾಲುವೆ ಬಂತು. ಹೋದ ಸಲ ಕೆಸರಿಗೆ ತಾಗಿ ನಿಂತ ಜಾಗ. "ನೀರು ಏರ್ತಾ ಅದೆ, ಈಗ ಒಳಗೆ ಹೋಗ್ಲಕ್ಕು" ಅಂದ ದೋಣಿಯವನು. ಇಂಜಿನ್ ನಿಲ್ಲಿಸಿ ಗಳದಲ್ಲಿ ಒತ್ತಿದ. ಒಮ್ಮೆಲೇ ತಂಪು. ಎರಡೂ ಬದಿಯ ಗಿಡ ಮೇಲೆ ಕೂಡಿಕೊಂಡಿತ್ತು. ಕೊಂಬೆಯಿಂದ ನುಗ್ಗೆಕಾಯಿಯಂಥದ್ದು ನೇತಾಡುತ್ತಿತ್ತು. ಅದು ಕಾಯಲ್ಲ, ಸಸಿ. ಈ ಗಿಡದ ಬೀಜ ಮರದಲ್ಲೇ ಮೊಳೆಯುತ್ತದೆ. ಮೊಳಕೆ ಉದ್ದವಾಗಿ, ಭಾರವಾಗಿ, ಬಿದ್ದರೆ ಕೆಸರಿಗೆ ಚುಚ್ಚಿಕೊಂಡು ಅಲ್ಲೇ ಬೇರು ಬಿಡುತ್ತದೆ. ನೀರಿರುವಾಗ ಬಿದ್ದರೆ ತೇಲಿಕೊಂಡು ಹೋಗಿ ಬೇರೆ ಕಡೆ ನಾಟುತ್ತದೆ. ಇನ್ನೊಂದು ಜಾತಿಯ ಗಿಡದ ಎಲೆ ಕಿತ್ತು ದೋಣಿಯವನು ಮಗಳಿಗೆ ಕೊಟ್ಟ. "ನೆಕ್ಕು ನೋಡು." ಎಲೆಯ ಮೇಲೆ ಸಕ್ಕರೆಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಹರಳು. ನೆಕ್ಕಿದಳು, ಮುಖ ಹಿಂಡಿದಳು. ಉಪ್ಪು! ಬೇರಿನಿಂದ ಮೇಲೆ ಬಂದ ಉಪ್ಪನ್ನು ಗಿಡ ಎಲೆಯಿಂದ ಹೊರಗೆ ಹಾಕುತ್ತದೆ. ಆಯಿಯೂ ಒಂದು ಎಲೆ ತೆಗೆದುಕೊಂಡಳು.

ಆದರೆ ಹೊಳೆಯ ನೀರು ಅಷ್ಟು ಉಪ್ಪಿರಲಿಲ್ಲ. ಭರತದಲ್ಲೂ ಸಪ್ಪೆ ಸಪ್ಪೆ. ಕೇಳಿದ್ದಕ್ಕೆ ದೋಣಿಯವನು ಮೇಲಕ್ಕೆ ಕೈ ತೋರಿಸಿದ. ಗೇರುಸೊಪ್ಪೆಯಲ್ಲಿ ಕರೆಂಟು ತೆಗೆದ ನೀರು ವರ್ಷವಿಡೀ ಇಳಿದು ಬರುತ್ತದೆ. ಬೇರೆ ಹೊಳೆಗಳು ಬೇಸಿಗೆಯಲ್ಲಿ ಸಣ್ಣದಾಗಿ ಸಮುದ್ರದ ಉಪ್ಪು ಒಳಗೆ ಬರುತ್ತದೆ. ಇಲ್ಲಿ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಉಪ್ಪು ಬೇಕಾದ ಬಳಚು, ಅಂದರೆ ತಿನ್ನುವ ಚಿಪ್ಪಿ, ಹಾಗಾಗಿ ಇಲ್ಲಿ ಕಮ್ಮಿಯಾಯಿತು. ಪಕ್ಕದ ಕುಮಟಾದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ಇಳಿದು ರಾಶಿ ರಾಶಿ ಬಳಚು ತೆಗೆಯುತ್ತಾರೆ. ಆ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕಿದೆ. ನಮ್ಮ ಮನೆಯ ದೀಪಕ್ಕೂ ಇಲ್ಲಿನವರ ಬಳಚಿಗೂ ಇರುವ ಈ ಸಂಬಂಧ ನನಗೆ ಗೊತ್ತಿರಲಿಲ್ಲ. ಈಗ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಇನ್ನೊಂದು ಯೋಜನೆಯ ಮಾತು ನಡೆಯುತ್ತಿರುವಾಗ, ಕೆಳಗಿನ ಈ ನೀರನ್ನು ಒಮ್ಮೆ ನೋಡಿ ಬಂದು ಮಾತಾಡಬೇಕು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ವಾಪಸ್ ಬರುವಾಗ ಆಯಿ, ದೋಣಿಯವನು ಇಬ್ಬರೂ ತಿಥಿಯ ಮೇಲೆ ಮಾತಿಗಿಳಿದಿದ್ದರು. "ಹುಣ್ಣಿಮೆ ಅಮಾಸೆಗೆ ನೀರು ಜೋರು ಅಮ್ಮ. ಅಷ್ಟಮಿ ಹತ್ರ ಬಂದ್ರೆ ಏರೂದೂ ಕಮ್ಮಿ, ಇಳಿಯೂದೂ ಕಮ್ಮಿ." ಆಯಿ ದಿನಾ ಬೆಳಿಗ್ಗೆ ಪಂಚಾಂಗ ನೋಡುವವಳು. ಬೆರಳು ಮಡಿಸಿ ಲೆಕ್ಕ ಹಾಕಿದಳು. ನಾನು ಫೋನಿನಲ್ಲಿ ಹುಡುಕಿ ಹಿಡಿದದ್ದನ್ನು ಅವರಿಬ್ಬರು ಬೆರಳಲ್ಲೇ ಹಿಡಿದರು.

ನಾಲ್ಕೂವರೆಗೆ ಅರಣ್ಯ ಇಲಾಖೆ ಮಾಡಿದ ಕಾಂಡ್ಲಾ ನಡಿಗೆದಾರಿಗೆ ಹೋದೆವು. ನೀರು ಇಳಿಯತೊಡಗಿತ್ತು. ಮುಳುಗಿದ್ದ ಬೇರು ಒಂದೊಂದೇ ಮೇಲೆ ಬಂತು. ಕೆಲವು ಕೆಸರಿನಿಂದ ಪೆನ್ಸಿಲಿನ ಹಾಗೆ ಮೇಲಕ್ಕೆ ಎದ್ದಿದ್ದವು. ಗಿಡ ಉಸಿರಾಡುವುದು ಅದರಿಂದ. ಅದರ ನಡುವೆ ಏಡಿ. ದೋಣಿಗೆ ಭರತ, ನಡಿಗೆಗೆ ಇಳಿತ. ಎರಡೂ ಒಂದೇ ದಿನ ಸಿಗಬೇಕಾದರೆ ಈ ಲೆಕ್ಕ ತಪ್ಪಬಾರದು.

ಸಂಜೆ ಕಾಸರಕೋಡ ಬೀಚ್. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದ ಜಾಗ. ಸ್ವಚ್ಛ, ಬಟ್ಟೆ ಬದಲಿಸಲು ಜಾಗ ಇದೆ. ಮಕ್ಕಳಿರುವವರಿಗೆ ಅನುಕೂಲ. ಅಲ್ಲಿ ನಾವು ಹೆಚ್ಚು ಹೊತ್ತು ಇರಲಿಲ್ಲ, ಸೂರ್ಯ ಮುಳುಗುವವರೆಗೆ ಮಾತ್ರ. ಆಯಿ ಅಲೆಯ ತುದಿಗೆ ಹೋಗಿ ಬಗ್ಗಿ, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಮಗಳ ಕಡೆ ತಿರುಗಿ ತಲೆ ಆಡಿಸಿದಳು. ಇದು ಪೂರ್ತಿ ಉಪ್ಪು.

ರಾತ್ರಿ ಘಟ್ಟ ಹತ್ತಿ ಮಾವಿನಗುಂಡಿಯಲ್ಲಿ ಚಾ ಕುಡಿಯಲು ನಿಲ್ಲಿಸಿದೆ. ಮಗಳು ನಿದ್ದೆ ಹೋಗಿದ್ದಳು. ಸುಸ್ತಾಯಿತಾ ಅಂತ ಆಯಿಯನ್ನು ಕೇಳಿದೆ. "ಅಡ್ಡಿಲ್ಲೆ" ಅಂದಳು. ಗ್ಲಾಸು ಕೆಳಗಿಟ್ಟು, ಬೆರಳು ಮಡಿಸುತ್ತಾ, "ಅಕ್ಕಯ್ಯನ್ನ ಕರ್ಕಂಡು ಬಪ್ಪದಾದ್ರೆ ಮುಂದಿನ ಪಂಚಮಿ ಯಾವ ವಾರ ಬತ್ತು ತಮಾ?" ಅಂದಳು.