ಓವನ್ ಫ್ರೈಸ್ ಕೊನೆಗೂ ಗರಿಗರಿ ಬಂತು, ಅದೂ ಕಕ್ಕಡದ ಮಳೆಯಲ್ಲಿ

ಕಕ್ಕಡ ಅಂದರೆ ಕೊಡಗಿನಲ್ಲಿ ಜೋರು ಮಳೆಯ ತಿಂಗಳು. ಅದರ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಉಂಡ ಮಾರನೇ ದಿನ. ಹೊರಗೆ ಧೋ ಅಂತ ಮಳೆ. ಓವನ್‌ನಿಂದ ತೆಗೆದ ಫ್ರೈಸ್ ಒಂದನ್ನು ಮುರಿದೆ, ಟಕ್ ಅಂತು. ಭಾವ ಪೇಪರ್‌ನಿಂದ ತಲೆ ಎತ್ತಿ ನೋಡಿದರು. "ಎಣ್ಣೆಗೆ ಬಿಡದೆ ಆಲೂಗಡ್ಡೆ ಗರಿಗರಿ ಆಗೋದುಂಟಾ?" ಅಂತ ಎರಡು ವರ್ಷದಿಂದ ಹೇಳುತ್ತಿದ್ದವರು ಅವರೇ. ಅವತ್ತು ಎರಡು ತಟ್ಟೆ ಖಾಲಿ ಮಾಡಿ, ಇನ್ನೂ ಇದೆಯಾ ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂರ್ನಾಡು ಹತ್ತಿರ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ಮಳೆಗಾಲದ ಸಂಜೆ ಬಂದವರೆಲ್ಲ ಕೇಳುವುದು ಒಂದೇ, ಬಿಸಿಬಿಸಿ, ಖಾರವಾಗಿ ಏನಾದರೂ. ಮೊದಲು ಬಾಣಲೆ ತುಂಬ ಎಣ್ಣೆ ಇಟ್ಟು ಕರಿಯುತ್ತಿದ್ದೆ. ಒಮ್ಮೆ ಕರಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದು ಕೊಡಲು ನನಗೆ ಮನಸ್ಸಾಗುವುದಿಲ್ಲ, ಹಾಗಾಗಿ ಸೀಸನ್‌ನಲ್ಲಿ ತಿಂಗಳಿಗೆ ಎಣ್ಣೆಗೇ ಸುಮಾರು ಎರಡು ಸಾವಿರ ಹೋಗುತ್ತಿತ್ತು. ಎಂಟು ಸಾವಿರದ ಹತ್ತಿರ ಕೊಟ್ಟು 35 ಲೀಟರಿನ ಓಟಿಜಿ, ಅಂದರೆ ಕರೆಂಟಿನ ಓವನ್, ತಂದೆ. ಮನೆಯಲ್ಲಿ ಎಲ್ಲರೂ ಕೇಕ್‌ಗೆ ಅಂದುಕೊಂಡರು.

ಮೊದಲ ಸಲ ಹಸಿ ಆಲೂಗಡ್ಡೆಗೆ ಎಣ್ಣೆ, ಮೆಣಸಿನ ಪುಡಿ, ಉಪ್ಪು ಎಲ್ಲ ಒಟ್ಟಿಗೆ ಕಲಸಿ ಒಳಗಿಟ್ಟೆ. ಇಪ್ಪತ್ತು ನಿಮಿಷಕ್ಕೆ ಮೆಣಸಿನ ಪುಡಿ ಸುಟ್ಟು ಘಾಟು ಹೊಡೆಯಿತು, ಮನೆ ತುಂಬ ಕೆಮ್ಮು. ಹೊರಗೆ ಕಪ್ಪು, ಕಹಿ, ಒಳಗೆ ಹಸಿ. ಆಮೇಲೆ ಖಾರ ಕಮ್ಮಿ ಮಾಡಿ ನೋಡಿದೆ, ಹೊತ್ತು ಜಾಸ್ತಿ ಮಾಡಿ ನೋಡಿದೆ, ಬಟರ್ ಪೇಪರ್ ಹಾಸಿದೆ. ಎಲ್ಲ ಮೆತ್ತಗೆ. ಆ ವರ್ಷ ಏನಿಲ್ಲ ಅಂದರೂ ಹನ್ನೆರಡು ಹದಿಮೂರು ಕೆಜಿ ಆಲೂಗಡ್ಡೆ ಹಾಳಾಯಿತು. ನಾಯಿ ಕೂಡ ಮೂಸಿ ಹೋಯಿತು.

ಆಲೂಗಡ್ಡೆಯ ವಿಷಯ ಗೊತ್ತಾಗಲು ತುಂಬ ದಿನ ಬೇಕಾಯಿತು. ಶುಕ್ರವಾರದ ಮಡಿಕೇರಿ ಸಂತೆಯಲ್ಲಿ ಒಟ್ಟಿಗೆ ಐದು ಕೆಜಿ ತಂದು ಫ್ರಿಜ್‌ನಲ್ಲಿ ಇಡುತ್ತಿದ್ದೆ. ತಣ್ಣಗಿಟ್ಟರೆ ಒಳಗಿನ ಪಿಷ್ಟ ಸಕ್ಕರೆ ಆಗುತ್ತದೆ, ಓವನ್‌ಗೆ ಹೋದ ಕೂಡಲೇ ಕಂದು ಬಣ್ಣ, ಗರಿ ಇಲ್ಲ. ಈಗ ಬುಟ್ಟಿಯಲ್ಲಿ ಕತ್ತಲೆಗೆ ಇಡುತ್ತೇನೆ. ಇನ್ನೊಂದು, ಮಳೆಯಲ್ಲಿ ಕಿತ್ತ ಹಾಸನದ ಹೊಸ ಆಲೂಗಡ್ಡೆಯಲ್ಲಿ ನೀರು ಜಾಸ್ತಿ. ಪಲ್ಯಕ್ಕೆ ಚೆನ್ನ, ಫ್ರೈಸ್‌ಗೆ ಬೇಡ. ಒಂದು ಲೀಟರ್ ನೀರಿಗೆ ನೂರು ಗ್ರಾಂ ಉಪ್ಪು ಕರಗಿಸಿ ಆಲೂಗಡ್ಡೆ ಬಿಟ್ಟು ನೋಡಿ. ಮುಳುಗಿದ್ದು ಫ್ರೈಸ್‌ಗೆ, ತೇಲಿದ್ದು ಪಲ್ಯಕ್ಕೆ. ಇದನ್ನು ನಾನು ಪ್ರತಿ ಸಲ ಮಾಡುತ್ತೇನೆ, ಉಪ್ಪು ನೀರು ಎರಡು ದಿನ ಅದೇ ನಡೆಯುತ್ತದೆ.

ಕರೆಂಟಿನ ಕಥೆ ಬೇರೆ. ಓವನ್ ಗುಂಡಿ 220 ಡಿಗ್ರಿಗೆ ಇಟ್ಟಿರುತ್ತಿದ್ದೆ, ಆದರೂ ಬೇಯುತ್ತಿರಲಿಲ್ಲ. ಐನೂರು ರೂಪಾಯಿಯ ಥರ್ಮಾಮೀಟರ್ ತಂದು ಒಳಗಿಟ್ಟರೆ 170ರ ಆಸುಪಾಸು! ಸಂಜೆ ಹೊತ್ತಿಗೆ ನಮ್ಮ ಲೈನಿನಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. 230ರಲ್ಲಿ 1600 ವ್ಯಾಟ್ ಕೊಡುವ ಕಾಯಿಲ್ 180ರಲ್ಲಿ ಸಾವಿರ ವ್ಯಾಟ್ ಕೂಡ ಕೊಡುವುದಿಲ್ಲ. ಓವನ್ ಕೆಟ್ಟದ್ದು ಅಂತ ಒಂದು ವರ್ಷ ಬೈದಿದ್ದೆ, ಅದರ ತಪ್ಪೇ ಇರಲಿಲ್ಲ. ಈಗ ಮಧ್ಯಾಹ್ನ ಮೂರು ಗಂಟೆಗೆ ಮುಕ್ಕಾಲು ಪಾಲು ಬೇಯಿಸಿ ಇಡುತ್ತೇನೆ, ಸಂಜೆ ಹತ್ತು ಹನ್ನೆರಡು ನಿಮಿಷ ಇಟ್ಟರೆ ಸಾಕು.

ಆದರೆ ನಿಜವಾದ ಶತ್ರು ನೀರಿನ ಪಸೆ. ಈಗ ಮಾಡುವುದು ಹೀಗೆ. ಬೆರಳು ದಪ್ಪ ಹೆಚ್ಚಿ, ಮೂರು ನೀರಿನಲ್ಲಿ ತೊಳೆದು, ತಣ್ಣೀರಿಗೇ ಹಾಕಿ, ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಬಿಟ್ಟು ಕುದಿಸುತ್ತೇನೆ. ಕುದಿ ಬಂದ ಮೇಲೆ ಆರೇಳು ನಿಮಿಷ. ಹುಳಿ ಇದ್ದರೆ ಬೆಂದರೂ ಮುರಿಯುವುದಿಲ್ಲ. ವಿನೆಗರ್ ಯಾಕೆ, ಮನೆಯಲ್ಲಿ ಕಾಚಂಪುಳಿ (ಹುಳಿ ಹಣ್ಣಿನ ರಸ ಕುದಿಸಿ ಮಾಡುವ ನಮ್ಮ ಕಡೆಯ ಕಪ್ಪು ವಿನೆಗರ್) ಇದೆಯಲ್ಲ ಅಂತ ಒಮ್ಮೆ ಅದನ್ನೇ ಬಿಟ್ಟೆ. ಮುರಿಯಲಿಲ್ಲ ನಿಜ, ಆದರೆ ಒಂದು ಕೆಜಿ ಆಲೂಗಡ್ಡೆ ಇದ್ದಿಲಿನ ಬಣ್ಣಕ್ಕೆ ತಿರುಗಿತು, ಬೆಲೆ ಬಾಳುವ ಕಾಚಂಪುಳಿಯೂ ನೀರಿನ ಜೊತೆ ಹೋಯಿತು. ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಬಸಿದ ಮೇಲೆ ಒಣಗಿಸಬೇಕು, ಜೀವ ಇರುವುದೇ ಇಲ್ಲಿ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಬಟ್ಟೆಯ ಮೇಲೆ ಅರ್ಧ ಗಂಟೆ ಸಾಕು. ಮಳೆಗಾಲದಲ್ಲಿ ಫ್ಯಾನ್ ಗಾಳಿಯೇ ಒದ್ದೆ, ಏನು ಪ್ರಯೋಜನ? ಬಟ್ಟೆ, ಮೀನು, ಮೆಣಸು ಎಲ್ಲ ಒಲೆಯ ಮೇಲೆ ಒಣಗಿಸುತ್ತೇವೆ, ಆಲೂಗಡ್ಡೆ ಯಾಕೆ ಬೇಡ ಅಂತ ಅತ್ತೆಯೇ ಹೇಳಿದ್ದು. ಸೌದೆ ಒಲೆಯ ಮೇಲೆ ಎರಡು ಅಡಿ ಎತ್ತರಕ್ಕೆ ಜಾಲರಿ ಕಟ್ಟಿ, ಕೆಂಡ ಮಾತ್ರ ಇಟ್ಟು, ಇಪ್ಪತ್ತು ನಿಮಿಷ. ಮೇಲ್ಮೈ ಸ್ವಲ್ಪ ಬಿಳಿಚಿ, ಒರಟಾಗಿ, ಮುಟ್ಟಿದರೆ ಕೈಗೆ ಅಂಟಬಾರದು. ಸಣ್ಣ ಹೊಗೆ ವಾಸನೆ ಸೇರುತ್ತದೆ, ಅದು ಪುಕ್ಕಟೆ ಲಾಭ.

ಕೆಜಿಗೆ ಎರಡು ಚಮಚ ಅಕ್ಕಿ ಹಿಟ್ಟು, ಮೂರು ಚಮಚ ಎಣ್ಣೆ. ತರಿ ಹಾಕಿದರೆ ಮರಳು ತಿಂದ ಹಾಗಾಗುತ್ತದೆ, ನುಣ್ಣಗಿನ ಹಿಟ್ಟೇ ಬೇಕು. ಖಾಲಿ ಟ್ರೇ ಒಳಗೇ ಕಾಯಲಿ, ಹಾಕುವಾಗ ಚುಂಯ್ ಅನ್ನಬೇಕು. ಒಂದು ಟ್ರೇಗೆ ಅರ್ಧ ಕೆಜಿ, ಒಂದರ ಮೇಲೊಂದು ಬೇಡ. ಒಟ್ಟು ಮೂವತ್ತೈದರಿಂದ ನಲವತ್ತು ನಿಮಿಷ, ನಡುವೆ ಒಮ್ಮೆ ತಿರುವಿ, ಎರಡು ಸಲ ಬಾಗಿಲು ತೆರೆದು ಆವಿ ಬಿಡಿ.

ಖಾರ ಕೊನೆಗೆ, ಹೊರಗೆ ತೆಗೆದ ಮೇಲೆ. ಬ್ಯಾಡಗಿ ಪುಡಿ ಬಣ್ಣಕ್ಕೆ, ತೋಟದ ಬದಿಯಲ್ಲಿ ತಾನಾಗಿ ಹುಟ್ಟುವ ಪರಂಗಿ ಮೆಣಸು, ಅಂದರೆ ಪುಟ್ಟ ಸೂಜಿ ಮೆಣಸಿನಕಾಯಿ, ಖಾರಕ್ಕೆ, ನಮ್ಮ ಬಳ್ಳಿಯದೇ ಕರಿಮೆಣಸು ತರಿತರಿಯಾಗಿ. ಹುಳಿಗೆ ಕಾಚಂಪುಳಿ ಬೇಕೇ ಬೇಕು, ಆದರೆ ಹಾಗೇ ಚಿಮುಕಿಸಿದರೆ ಮಾಡಿದ ಗರಿಯೆಲ್ಲ ಹೋಗುತ್ತದೆ. ಹರಳುಪ್ಪಿಗೆ ಕಾಚಂಪುಳಿ ಕಲಸಿ, ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಒಣಗಿಸಿ ಕುಟ್ಟಿ ಇಡುತ್ತೇನೆ. ಹುಳಿ ಉಪ್ಪು. ಇದು ನಾನೇ ಕಂಡುಕೊಂಡಿದ್ದು. ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹುರಿಯುವ ಕಪ್ಪು ಮಸಾಲೆಯೂ ಒಂದು ಚಿಟಿಕೆ ಬೀಳುತ್ತದೆ, ಅದರಲ್ಲಿ ಏನೇನು, ಎಷ್ಟೆಷ್ಟು ಅನ್ನುವುದು ಅತ್ತೆಯ ಕೈಯ ಲೆಕ್ಕ, ಹೇಳಲು ಅನುಮತಿ ಇಲ್ಲ.

ಇದೇ ರೀತಿ ನೇಂದ್ರ ಬಾಳೆಕಾಯಿ ಮಾಡಿದೆ, ಆಲೂಗಡ್ಡೆಗಿಂತ ಚೆನ್ನಾಗಿ ಬಂತು, ಕುದಿಸುವುದು ಮೂರೇ ನಿಮಿಷ. ಸಿಹಿಗೆಣಸು ಮಾತ್ರ ನಾಲ್ಕು ಸಲವೂ ಮೆತ್ತಗೆ, ಬಿಟ್ಟುಬಿಟ್ಟೆ.

ಒಂದು ಕೆಜಿಗೆ ಐದು ತಟ್ಟೆ ಆಗುತ್ತದೆ. ಆಲೂಗಡ್ಡೆ, ಎಣ್ಣೆ, ಕರೆಂಟು ಎಲ್ಲ ಸೇರಿ ತಟ್ಟೆಗೆ ಹದಿನೈದು ಹದಿನಾರು ರೂಪಾಯಿ ಬೀಳಬಹುದು, ನಾನು ತೆಗೆದುಕೊಳ್ಳುವುದು ನೂರು. ಓವನ್ ದುಡ್ಡು ಆಗಲೇ ಬಂತು. ಪಾರ್ಸೆಲ್ ಕೇಳಿದರೆ ಮುಚ್ಚಳದ ಡಬ್ಬಿಯಲ್ಲಿ ಕೊಡಬೇಡಿ, ಮಡಿಕೇರಿ ಮುಟ್ಟುವಷ್ಟರಲ್ಲಿ ಬೆವತು ಮೆತ್ತಗಾಗುತ್ತದೆ. ಪೇಪರ್ ಕವರ್, ಬಾಯಿ ತೆರೆದು.